ನದಿಯ ಮೇಲಿನ ಚುಕ್ಕಿ ಯಾರ ಸ್ವತ್ತು?

ಯುರೋಪಿನ ರೈನ್ ಮತ್ತು ಡ್ಯಾನ್ಯೂಬ್ ನದಿಗಳಲ್ಲಿ ವಿಹಾರನೌಕೆಯೇರಿ ಎಂಟು-ಹತ್ತು ದಿನ ಪ್ರಯಾಣ ಮಾಡಿ ಬರುವುದು ನಮ್ಮ ನಗರಗಳ ಮಧ್ಯಮವರ್ಗಕ್ಕೆ ಈಗ ತೀರಾ ಅಪರಿಚಿತ ಸಂಗತಿಯೇನಲ್ಲ. ಮಕ್ಕಳು ಜರ್ಮನಿಯಲ್ಲೋ ನೆದರ್‌ಲೆಂಡ್ಸ್‌ನಲ್ಲೋ ನೆಲೆಸಿರುವ ಮನೆಗಳಲ್ಲಿ, ನಿವೃತ್ತಿಯ ನಂತರ ಮಾಡಬೇಕಾದ ಪ್ರವಾಸಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಸ್ಥಾನ ದೊರೆತಿದೆ. ಇದರ ಬೆನ್ನಿಗೇ ಇನ್ನೊಂದು ಹವ್ಯಾಸವೂ ಬಂದಿದೆ. ಹೋದವರು ನೌಕೆಯಲ್ಲಿದ್ದರೆ, ಊರಿನಲ್ಲಿ ಉಳಿದವರು ಕಂಪ್ಯೂಟರಿನ ಮುಂದೆ ಕುಳಿತು ಆ ನೌಕೆ ಎಲ್ಲಿದೆಯೆಂದು ನೋಡುತ್ತಾರೆ. ಮರೀನ್‌ಟ್ರಾಫಿಕ್, ವೆಸಲ್‌ಫೈಂಡರ್ ಮೊದಲಾದ ಜಾಲತಾಣಗಳಲ್ಲಿ ನೌಕೆಯ ಹೆಸರನ್ನು ಬರೆದರೆ ಸಾಕು; ನದಿಯ ನೀಲಿ ಗೆರೆಯ ನಡುವೆ ಬಣ್ಣದ ಚುಕ್ಕಿಯೊಂದು ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ಒತ್ತಿದರೆ ನೌಕೆಯ ವೇಗ, ದಿಕ್ಕು, ಉದ್ದಗಲ, ಹೋಗುತ್ತಿರುವ ಊರು, ಸುದ್ದಿ ಬಂದು ಎಷ್ಟು ನಿಮಿಷವಾಯಿತು ಎಂಬ ವಿವರ, ಎಲ್ಲವೂ ದೊರೆಯುತ್ತವೆ.

ಇದನ್ನು ಕಾಲಹರಣದ ಆಟವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಜಯನಗರದಲ್ಲಿ ಕುಳಿತ ಒಬ್ಬ ಸಾಮಾನ್ಯ ನಾಗರಿಕನು, ಯಾವ ಅಧಿಕಾರಿಗೂ ಅರ್ಜಿ ಸಲ್ಲಿಸದೆ, ಯಾವ ಕಂಪನಿಯ ದಯೆಯನ್ನೂ ಕೋರದೆ, ಕೊಬ್ಲೆನ್ಜ್ ಬಳಿಯ ಹಡಗೊಂದರ ನೆಲೆಯನ್ನು ತಿಳಿಯಬಲ್ಲನೆಂಬುದು ಆಡಳಿತದ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ. ಆ ಚುಕ್ಕಿ ಎಲ್ಲಿಂದ ಬಂತು, ಅದರ ಮೇಲೆ ಯಾರಿಗೆ ಹಕ್ಕಿದೆ, ನಮ್ಮ ನದಿಗಳ ಮೇಲೆ ಅಂಥ ಚುಕ್ಕಿಯನ್ನು ಕಾಣುವ ಹಕ್ಕು ನಮಗೆ ಇರಬೇಕೋ ಬೇಡವೋ ಎಂಬ ಪ್ರಶ್ನೆಗಳು ಇಲ್ಲಿ ಏಳುತ್ತವೆ. ನದಿಯಲ್ಲಿ ಟಿಕೆಟ್ ಪಡೆದು ಪ್ರಯಾಣಿಕರನ್ನು ಒಯ್ಯುವ ಪ್ರತಿ ನೌಕೆಯ ನೆಲೆಯೂ ಸಾರ್ವಜನಿಕ ಮಾಹಿತಿ ಎಂಬುದು ನನ್ನ ನಿಲುವು.

ಮೊದಲು ಚುಕ್ಕಿಯ ಹುಟ್ಟನ್ನು ನೋಡೋಣ. ಹಡಗುಗಳಲ್ಲಿ ಸ್ವಯಂಚಾಲಿತ ಗುರುತಿನ ವ್ಯವಸ್ಥೆ ಎಂಬ ಉಪಕರಣವಿರುತ್ತದೆ. ಎಐಎಸ್ ಎಂಬುದು ಅದರ ರೂಢಿಯ ಹೆಸರು. ಜಿಪಿಎಸ್‌ನಿಂದ ತನ್ನ ನೆಲೆಯನ್ನು ತಿಳಿದುಕೊಂಡ ಈ ಉಪಕರಣ, ಅದನ್ನು ಹಡಗಿನ ಗುರುತಿನ ಸಂಖ್ಯೆಯೊಂದಿಗೆ ವಿಎಚ್‌ಎಫ್ ರೇಡಿಯೊ ತರಂಗಗಳಲ್ಲಿ ಬಿತ್ತರಿಸುತ್ತದೆ. ದೊಡ್ಡ ಹಡಗುಗಳ ಉಪಕರಣವು ಚಲನೆಯಲ್ಲಿರುವಾಗ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿ ನಿಂತಾಗ 3 ನಿಮಿಷಕ್ಕೊಮ್ಮೆ ಹೀಗೆ ಸಾರುತ್ತದೆ. ಗುರುತಿನ ಸಂಖ್ಯೆಗೆ ಒಂಬತ್ತು ಅಂಕಿಗಳು. ಮೊದಲ ಮೂರು ದೇಶವನ್ನು ಸೂಚಿಸುತ್ತವೆ. ಭಾರತದ್ದು 419. ರೈನ್ ನದಿಯ ವಿಹಾರನೌಕೆಗಳನ್ನು ನೋಡುತ್ತ ಹೋದರೆ 269 ಎಂಬ ಸಂಖ್ಯೆ ಮತ್ತೆ ಮತ್ತೆ ಎದುರಾಗುತ್ತದೆ. ಅದು ಸ್ವಿಟ್ಜರ್ಲೆಂಡಿನದು. ಕಡಲ ತೀರವೇ ಇಲ್ಲದ ದೇಶದ ಧ್ವಜ ಇಷ್ಟೊಂದು ನೌಕೆಗಳ ಮೇಲೆ ಹಾರುವುದಕ್ಕೆ ಕಾರಣ, ಅನೇಕ ವಿಹಾರನೌಕೆಗಳು ಬಾಸೆಲ್ ನಗರದಲ್ಲಿ ನೋಂದಣಿಯಾಗಿರುವುದು.

ಈ ವ್ಯವಸ್ಥೆಯನ್ನು ರೂಪಿಸಿದ್ದು ಮನೆಯಲ್ಲಿ ಕುಳಿತು ನೋಡುವ ನಮ್ಮಂಥವರಿಗಾಗಿ ಅಲ್ಲ. ಹಡಗು ಹಡಗಿಗೆ ಡಿಕ್ಕಿ ಹೊಡೆಯದಿರಲೆಂದು. ಸಮುದ್ರಯಾನದ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2000ದಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅಂತರರಾಷ್ಟ್ರೀಯ ಯಾನದ ದೊಡ್ಡ ಹಡಗುಗಳು ಮತ್ತು ಪ್ರಯಾಣಿಕರ ಹಡಗುಗಳು 2004ರ ಅಂತ್ಯದೊಳಗೆ ಇದನ್ನು ಅಳವಡಿಸಿಕೊಳ್ಳಬೇಕಾಯಿತು. ನದಿಗಳಿಗೆ ಇದು ಸ್ವಲ್ಪ ತಡವಾಗಿ ಬಂತು. ರೈನ್ ನದಿಯ ಸಂಚಾರವನ್ನು ನಿಯಂತ್ರಿಸುವ ಕೇಂದ್ರ ಆಯೋಗವು 1815ರ ವಿಯೆನ್ನಾ ಸಮಾವೇಶದಲ್ಲಿ ಹುಟ್ಟಿದ, ಈಗ ಸ್ಟ್ರಾಸ್‌ಬರ್ಗ್‌ನಲ್ಲಿ ನೆಲೆಸಿರುವ ಸಂಸ್ಥೆ. ಅದರ ನಿಯಮದಂತೆ 2014ರ ಡಿಸೆಂಬರ್ 1ರಿಂದ ರೈನ್‌ನಲ್ಲಿ ಸಂಚರಿಸುವ ನೌಕೆಗಳಿಗೆ ಒಳನಾಡಿನ ಎಐಎಸ್ ಕಡ್ಡಾಯವಾಯಿತು.

ತರಂಗಗಳನ್ನು ಜಾಲತಾಣಕ್ಕೆ ತಂದವರು ಬೇರೆಯವರು. ಗ್ರೀಸಿನ ಏಜಿಯನ್ ವಿಶ್ವವಿದ್ಯಾಲಯದಲ್ಲಿ ಅಧ್ಯಯನದ ಯೋಜನೆಯಾಗಿ ಆರಂಭವಾದ ಮರೀನ್‌ಟ್ರಾಫಿಕ್ 2007ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ನದಿ ಮತ್ತು ಸಮುದ್ರ ತೀರಗಳಲ್ಲಿ ವಾಸಿಸುವ ಹವ್ಯಾಸಿಗಳು ತಮ್ಮ ಮನೆಯ ಮಾಳಿಗೆಯ ಮೇಲೆ ಆಂಟೆನಾ ನೆಟ್ಟು, ತಮಗೆ ಕೇಳಿಸಿದ ಸಂದೇಶಗಳನ್ನು ಅಂತರ್ಜಾಲದ ಮೂಲಕ ಕಳುಹಿಸಿಕೊಡತೊಡಗಿದರು. ಇಂದು ನಾವು ನೋಡುವ ನಕ್ಷೆಯ ದೊಡ್ಡ ಭಾಗ ನಿಂತಿರುವುದು ಈ ಅನಾಮಿಕರ ಶ್ರಮದ ಮೇಲೆ.

ಅರ್ಥಶಾಸ್ತ್ರದ ತರಗತಿಯಲ್ಲಿ ಸಾರ್ವಜನಿಕ ಸರಕು ಎಂಬ ಪಾಠ ಬಂದಾಗಲೆಲ್ಲ ದೀಪಸ್ತಂಭದ ಉದಾಹರಣೆ ಬರುತ್ತದೆ. ಒಂದು ಹಡಗು ಅದರ ಬೆಳಕನ್ನು ನೋಡಿದರೆ ಇನ್ನೊಂದಕ್ಕೆ ಬೆಳಕು ಕಡಿಮೆಯಾಗುವುದಿಲ್ಲ. ಹಣ ಕೊಡದವರ ಕಣ್ಣು ಕಟ್ಟುವುದಕ್ಕೂ ಆಗುವುದಿಲ್ಲ. ಆದ್ದರಿಂದ ಅದನ್ನು ಸರ್ಕಾರವೇ ಒದಗಿಸಬೇಕೆಂದು ಪಾಲ್ ಸ್ಯಾಮ್ಯುಯೆಲ್ಸನ್ ಮೊದಲಾದವರು ವಾದಿಸಿದರು. ರೊನಾಲ್ಡ್ ಕೋಸ್ 1974ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಇಂಗ್ಲೆಂಡಿನ ಅನೇಕ ದೀಪಸ್ತಂಭಗಳನ್ನು ಖಾಸಗಿಯವರೇ ಕಟ್ಟಿ, ಬಂದರುಗಳಲ್ಲಿ ಶುಲ್ಕ ವಸೂಲಿ ಮಾಡುತ್ತಿದ್ದರೆಂದು ತೋರಿಸಿ ಈ ವಾದವನ್ನು ಅಲುಗಾಡಿಸಿದರು. ಎಐಎಸ್ ತರಂಗವು ಈ ಹಳೆಯ ಚರ್ಚೆಯನ್ನು ಮತ್ತೆ ಜೀವಂತಗೊಳಿಸುತ್ತದೆ. ದೀಪಸ್ತಂಭವು ನೆಲ ಎಲ್ಲಿದೆಯೆಂದು ಹಡಗಿಗೆ ಹೇಳುತ್ತಿತ್ತು; ಈಗ ಹಡಗು ತಾನೆಲ್ಲಿದ್ದೇನೆಂದು ಎಲ್ಲರಿಗೂ ಹೇಳುತ್ತಿದೆ. ಆ ತರಂಗಕ್ಕೆ ಬೀಗವಿಲ್ಲ, ಗುಪ್ತಲಿಪಿಯಿಲ್ಲ. ಅದನ್ನು ಹತ್ತು ಜನ ಕೇಳಿದರೂ ಹನ್ನೊಂದನೆಯವನಿಗೆ ಕಡಿಮೆಯಾಗದು. ಆದರೆ ಕೇಳಿದ್ದನ್ನು ಒಟ್ಟುಗೂಡಿಸಿ ವರ್ಷಗಟ್ಟಲೆ ಕಾಪಾಡಿದ ಕಡತಕ್ಕೆ ಮಾತ್ರ ಬೀಗ ಹಾಕಬಹುದು. ಇಂದಿನ ನೆಲೆಯನ್ನು ಉಚಿತವಾಗಿ ತೋರಿಸುವ ಜಾಲತಾಣಗಳು, ಹಿಂದಿನ ಯಾನಗಳ ವಿವರವಾದ ದಾಖಲೆಗೆ ಮತ್ತು ಉಪಗ್ರಹದಿಂದ ಪಡೆದ ನೆಲೆಗೆ ಹಣ ಕೇಳುತ್ತವೆ. 2023ರಲ್ಲಿ ಮರೀನ್‌ಟ್ರಾಫಿಕ್ ಸಂಸ್ಥೆಯನ್ನೇ ಸರಕು ಮಾರುಕಟ್ಟೆಯ ಮಾಹಿತಿ ಮಾರುವ ಕೆಪ್ಲರ್ ಎಂಬ ಕಂಪನಿ ಕೊಂಡುಕೊಂಡಿತು. ವ್ಯಾಪಾರದಲ್ಲಿ ತಪ್ಪೇನಿಲ್ಲ. ಆದರೆ ಸುರಕ್ಷತೆಯ ಕಾನೂನಿನಿಂದ ಹುಟ್ಟಿ, ಹವ್ಯಾಸಿಗಳ ಆಂಟೆನಾಗಳಿಂದ ಬೆಳೆದ ಮಾಹಿತಿಯ ಏಕೈಕ ಪ್ರತಿ ಒಂದು ಕಂಪನಿಯ ಕಪಾಟಿನಲ್ಲಿ ಇರಬಾರದು.

ಈ ಬಹಿರಂಗಕ್ಕೆ ವಿರೋಧವೂ ಇದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಸುರಕ್ಷತಾ ಸಮಿತಿಯು 2004ರ ಡಿಸೆಂಬರಿನಲ್ಲೇ, ಹಡಗುಗಳ ಎಐಎಸ್ ಮಾಹಿತಿಯನ್ನು ಅಂತರ್ಜಾಲದಲ್ಲಿ ಪ್ರಕಟಿಸುವುದರಿಂದ ಅವುಗಳ ಭದ್ರತೆಗೆ ಧಕ್ಕೆಯಾಗಬಹುದೆಂದು ಆಕ್ಷೇಪಿಸಿತ್ತು. ಕಡಲ್ಗಳ್ಳರ ಹಾವಳಿಯಿರುವ ಸಮುದ್ರದಲ್ಲಿ ಈ ಆತಂಕಕ್ಕೆ ಅರ್ಥವಿದೆ. ಯುರೋಪಿನ ನದಿಗಳಲ್ಲಿ ಆಕ್ಷೇಪದ ಸ್ವರೂಪ ಬೇರೆ. ಅಲ್ಲಿ ಸರಕು ದೋಣಿಗಳನ್ನು ನಡೆಸುವ ಅನೇಕರು ಹೆಂಡತಿ ಮಕ್ಕಳೊಂದಿಗೆ ದೋಣಿಯಲ್ಲೇ ವಾಸಿಸುತ್ತಾರೆ. ದೋಣಿಯ ನೆಲೆಯೆಂದರೆ ಅವರ ಮನೆಯ ವಿಳಾಸ. ಅದನ್ನು ಹಗಲಿರುಳೂ ಜಗತ್ತಿಗೆ ತೋರಿಸುವುದು ಖಾಸಗಿತನದ ಮೇಲಿನ ಅತಿಕ್ರಮಣವೆಂದು ಅವರು ದೂರಿದರೆ ಅದನ್ನು ಗೌರವಿಸಬೇಕು. ಪ್ರಯಾಣಿಕರ ನೌಕೆಯ ಸ್ಥಿತಿ ಹಾಗಲ್ಲ. ವೇಳಾಪಟ್ಟಿಯನ್ನು ಮುದ್ರಿಸಿ, ಜಾಹೀರಾತು ಕೊಟ್ಟು, ಮುಂಗಡ ಹಣ ಪಡೆದು ನೂರೈವತ್ತು ಇನ್ನೂರು ಜನರನ್ನು ಹತ್ತಿಸಿಕೊಂಡ ನೌಕೆಯು ತಾನೆಲ್ಲಿದ್ದೇನೆಂಬುದು ತನ್ನ ಖಾಸಗಿ ವಿಷಯ ಎಂದು ಹೇಳಲಾಗದು. ಬಸ್ಸು ರೈಲುಗಳಿಗೆ ಯಾವ ನ್ಯಾಯವೋ ಅದಕ್ಕೂ ಅದೇ ನ್ಯಾಯ.

ಈ ಮಾಹಿತಿಯಿಂದ ಪ್ರಯಾಣಿಕನಿಗೆ ಏನು ಉಪಯೋಗವೆಂಬುದಕ್ಕೆ ರೈನ್ ನದಿಯ ಬೇಸಿಗೆಯೇ ಉತ್ತರ. ಬಿಂಗೆನ್ ಮತ್ತು ಕೊಬ್ಲೆನ್ಜ್ ನಡುವಿನ ಕಣಿವೆ ಅತ್ಯಂತ ಸುಂದರವಾದ ಭಾಗ. ನೌಕಾ ಸಂಚಾರಕ್ಕೆ ಅತ್ಯಂತ ಇಕ್ಕಟ್ಟಿನ ಭಾಗವೂ ಹೌದು. ಅಲ್ಲಿನ ಕೌಬ್ ಎಂಬ ಊರಿನ ನೀರಿನ ಮಟ್ಟದ ಮಾಪಕವನ್ನು ಇಡೀ ರೈನ್‌ನ ಹಡಗು ಉದ್ಯಮ ದಿನವೂ ಗಮನಿಸುತ್ತದೆ. ಮಾಪಕದ ಅಂಕಿ ನದಿಯ ಆಳವಲ್ಲ. ಅಲ್ಲಿ 78 ಸೆಂಟಿಮೀಟರ್ ಎಂದಿದ್ದಾಗ ನೌಕೆಗಳು ಸಾಗುವ ಕಾಲುವೆಯಲ್ಲಿ ಸುಮಾರು 1.9 ಮೀಟರ್ ನೀರಿರುತ್ತದೆ. 2018ರ ಅಕ್ಟೋಬರಿನಲ್ಲಿ ಈ ಮಾಪಕ 25 ಸೆಂಟಿಮೀಟರಿಗೆ ಇಳಿದು ದಾಖಲೆಯಾಯಿತು. 2022ರ ಆಗಸ್ಟಿನಲ್ಲಿ ಮತ್ತೆ 30ರ ಆಸುಪಾಸಿಗೆ ಬಂತು. 135 ಮೀಟರ್ ಉದ್ದದ ವಿಹಾರನೌಕೆಗಳಿಗೆ ಆಗ ಎರಡೇ ದಾರಿ. ಒಂದು, ನಿಂತಲ್ಲೇ ನಿಂತು ಪ್ರಯಾಣಿಕರನ್ನು ಬಸ್ಸಿನಲ್ಲಿ ಊರು ತೋರಿಸಲು ಕರೆದೊಯ್ಯುವುದು. ಇನ್ನೊಂದು, ಆಳವಿಲ್ಲದ ಭಾಗದ ಆಚೆಗೆ ನಿಂತಿರುವ ಅದೇ ಕಂಪನಿಯ ಮತ್ತೊಂದು ನೌಕೆಗೆ ಪ್ರಯಾಣಿಕರನ್ನು ಪೆಟ್ಟಿಗೆ ಸಮೇತ ಸಾಗಿಸುವುದು.

ನನ್ನ ಅಣ್ಣ ಮತ್ತು ಅತ್ತಿಗೆ ಬಾಸೆಲ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟದ್ದು ಆ 2022ರ ಆಗಸ್ಟಿನಲ್ಲಿಯೇ. ಇಬ್ಬರಿಗೂ ಎಪ್ಪತ್ತು ದಾಟಿದೆ, ಅತ್ತಿಗೆಗೆ ಮಂಡಿನೋವು. ಬಸ್ಸು ಹತ್ತಿ ಇಳಿಯುವ ಕಷ್ಟ ಬೇಡವೆಂದೇ ಅವರು ಹೆಚ್ಚು ಹಣ ಕೊಟ್ಟು ನೌಕಾಯಾನವನ್ನು ಆರಿಸಿಕೊಂಡಿದ್ದರು. ಮೂರನೆಯ ದಿನದಿಂದ ನಕ್ಷೆಯಲ್ಲಿ ಅವರ ನೌಕೆಯ ಚುಕ್ಕಿ ಒಂದೇ ಕಡೆ ನಿಂತಿತ್ತು, ವೇಗ ಸೊನ್ನೆ. ಟಿಕೆಟ್ ಮಾರಿದ್ದ ಇಲ್ಲಿನ ಏಜೆಂಟರಿಗೆ ದೂರವಾಣಿ ಮಾಡಿದಾಗ, ಪ್ರವಾಸ ವೇಳಾಪಟ್ಟಿಯಂತೆಯೇ ನಡೆಯುತ್ತಿದೆ ಎಂಬ ಉತ್ತರ ದೊರೆಯಿತು. ನೌಕೆ ಎರಡು ದಿನದಿಂದ ನಿಂತೇ ಇದೆಯಲ್ಲ ಎಂದು ಊರಿನ ಹೆಸರು ಸಮೇತ ಹೇಳಿದ ಮೇಲೆ ಸ್ವರ ಬದಲಾಯಿತು. ಪ್ರಯಾಣಿಕರು ಬಸ್ಸಿನಲ್ಲಿ ಹೋಗುತ್ತಿದ್ದಾರೆ, ಕೊಲೋನ್‌ನಲ್ಲಿ ಬೇರೆ ನೌಕೆ ಕೊಡಲಾಗುತ್ತದೆ ಎಂಬ ವಿವರ ಆಗ ಹೊರಬಂತು. ಊರಿಗೆ ಮರಳಿದ ಮೇಲೆ ಅಣ್ಣ ಪರಿಹಾರ ಕೇಳಿದಾಗಲೂ, ಯಾವ ದಿನ ನೌಕೆ ಎಲ್ಲಿತ್ತೆಂದು ನಾನು ಬರೆದಿಟ್ಟುಕೊಂಡಿದ್ದ ಟಿಪ್ಪಣಿಯೇ ಅವರ ಕೈಯಲ್ಲಿದ್ದ ಆಧಾರ. ಹಣದ ಒಂದು ಭಾಗ ವಾಪಸಾಯಿತು.

ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಉದಾಹರಣೆಯಿಂದ 1970ರಲ್ಲಿ ವಿವರಿಸಿದರು; 2001ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಅವರೂ ಒಬ್ಬರು. ನದಿವಿಹಾರ ಇದಕ್ಕೆ ಒಳ್ಳೆಯ ನಿದರ್ಶನ. ಆಗಸ್ಟಿನಲ್ಲಿ ನೀರು ಇಳಿಯುವ ಸಂಭವವೆಷ್ಟು, ಹಿಂದಿನ ವರ್ಷ ಎಷ್ಟು ಯಾನಗಳು ಅರ್ಧಕ್ಕೆ ನಿಂತವು ಎಂಬುದು ಕಂಪನಿಗೆ ಗೊತ್ತು. ಟಿಕೆಟ್ ಕೊಳ್ಳುವ ನಿವೃತ್ತ ದಂಪತಿಗೆ ಗೊತ್ತಿಲ್ಲ. ಜರ್ಮನಿಯ ಸರ್ಕಾರ ತನ್ನ ಜಲಮಾರ್ಗ ಇಲಾಖೆಯ ಎಲ್ವಿಸ್ ಎಂಬ ಜಾಲತಾಣದಲ್ಲಿ ಕೌಬ್ ಸೇರಿದಂತೆ ಮಾಪಕಗಳ ಅಂಕಿಗಳನ್ನೂ ನಾವಿಕರಿಗೆ ನೀಡುವ ಸೂಚನೆಗಳನ್ನೂ ಉಚಿತವಾಗಿ ಪ್ರಕಟಿಸುತ್ತದೆ. ಒಂದು ಕಡೆ ನೀರಿನ ಮಟ್ಟ, ಇನ್ನೊಂದು ಕಡೆ ನೌಕೆಯ ನೆಲೆ: ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಲ್ಲ ಗ್ರಾಹಕನಿಗೆ ಕಂಪನಿಯ ಮಾತನ್ನು ಒರೆಗೆ ಹಚ್ಚುವ ಸಾಧನ ದೊರೆತಂತಾಯಿತು.

ಆದರೆ ಚುಕ್ಕಿಯನ್ನು ಓದುವುದಕ್ಕೂ ಒಂದು ಎಚ್ಚರ ಬೇಕು. ವಿಎಚ್‌ಎಫ್ ತರಂಗಗಳು ಬಹುಮಟ್ಟಿಗೆ ನೇರ ದೃಷ್ಟಿಯ ದೂರಕ್ಕಷ್ಟೇ ತಲುಪುತ್ತವೆ. ಕಡಿದಾದ ಬೆಟ್ಟಗಳ ಕಣಿವೆಯಲ್ಲಿ, ಹತ್ತಿರದಲ್ಲಿ ಸ್ವೀಕರಿಸುವ ಕೇಂದ್ರವಿಲ್ಲದ ಕಡೆ, ನೌಕೆ ಮುಂದೆ ಸಾಗುತ್ತಿದ್ದರೂ ಚುಕ್ಕಿ ಹಿಂದೆಯೇ ನಿಂತಿರುತ್ತದೆ. ಆದ್ದರಿಂದ ನೆಲೆಯೊಂದಿಗೆ ಸುದ್ದಿಯ ಸಮಯವನ್ನೂ ನೋಡಬೇಕು. ಹೋಗುವ ಊರಿನ ಹೆಸರನ್ನು ಸಿಬ್ಬಂದಿ ಕೈಯಾರೆ ಬರೆಯುತ್ತಾರೆ. ಬದಲಿಸಲು ಮರೆತರೆ ಹಳೆಯ ಊರೇ ಉಳಿಯುತ್ತದೆ. ಬುಡಾಪೆಸ್ಟ್, ವಿಯೆನ್ನಾಗಳ ದಡದಲ್ಲಿ ನೌಕೆಗಳು ಒಂದರ ಪಕ್ಕಕ್ಕೊಂದು ಅಂಟಿಕೊಂಡು ನಿಲ್ಲುವುದರಿಂದ ಚುಕ್ಕಿಗಳು ಒಂದರ ಮೇಲೊಂದು ಬೀಳುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಚುಕ್ಕಿ ನೌಕೆಯದು, ಪ್ರಯಾಣಿಕನದಲ್ಲ. ನಮ್ಮವರು ಬಸ್ಸಿನಲ್ಲಿ ಹೊರಟುಹೋಗಿದ್ದರೆ ಚುಕ್ಕಿ ಅದನ್ನು ಹೇಳದು. ಸೊನ್ನೆ ವೇಗವನ್ನು ಕಂಡ ಕೂಡಲೇ ಅಪಘಾತವೆಂದು ಗಾಬರಿಯಾಗುವುದೂ ಸರಿಯಲ್ಲ. ನೌಕೆಯು ಜಲದ್ವಾರದ ಸರದಿಗಾಗಿ ಕಾಯುತ್ತಿರಬಹುದು. ರೈನ್ ಮತ್ತು ಡ್ಯಾನ್ಯೂಬ್‌ಗಳ ನಡುವೆ 1992ರಲ್ಲಿ ಪೂರ್ಣಗೊಂಡ 171 ಕಿಲೋಮೀಟರ್ ಉದ್ದದ ಮೈನ್-ಡ್ಯಾನ್ಯೂಬ್ ಕಾಲುವೆಯಲ್ಲಿ ನೌಕೆಗಳು ಇಂಥ ದ್ವಾರಗಳ ಮೂಲಕ ಮೆಟ್ಟಿಲು ಹತ್ತಿದಂತೆ ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೇರಿ ಮತ್ತೆ ಇಳಿಯುತ್ತವೆ.

ಉಪಕರಣವಿದ್ದ ಮಾತ್ರಕ್ಕೆ ಅಪಘಾತ ತಪ್ಪುತ್ತದೆಂದೂ ಭಾವಿಸಬಾರದು. 2019ರ ಮೇ 29ರ ರಾತ್ರಿ ಬುಡಾಪೆಸ್ಟ್‌ನ ಮಾರ್ಗರೆಟ್ ಸೇತುವೆಯ ಬಳಿ ವೈಕಿಂಗ್ ಸಿಗಿನ್ ಎಂಬ ವಿಹಾರನೌಕೆ, ಹಾಬ್ಲೆಯಾನ್ ಎಂಬ ಪುಟ್ಟ ಪ್ರವಾಸಿ ದೋಣಿಗೆ ಡಿಕ್ಕಿ ಹೊಡೆಯಿತು. ದೋಣಿ ಕೆಲವೇ ಕ್ಷಣಗಳಲ್ಲಿ ಮುಳುಗಿತು. ಅದರಲ್ಲಿದ್ದ 35 ಮಂದಿಯಲ್ಲಿ ಬದುಕುಳಿದವರು ಏಳು ಜನ. ಪ್ರಯಾಣಿಕರೆಲ್ಲರೂ ದಕ್ಷಿಣ ಕೊರಿಯಾದವರು. ದೊಡ್ಡ ನೌಕೆಯ ನಾಯಕನಿಗೆ 2023ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್‌ನ ನ್ಯಾಯಾಲಯ ಐದೂವರೆ ವರ್ಷಗಳ ಸೆರೆವಾಸ ವಿಧಿಸಿತು. ಮಳೆಯ ರಾತ್ರಿ, ನೌಕೆಗಳಿಂದ ತುಂಬಿದ ನದಿ, ಮನುಷ್ಯನ ಅಜಾಗರೂಕತೆ ಕೂಡಿದಾಗ ಯಾವ ತರಂಗವೂ ಕಾಪಾಡಲಾರದು. ದಾಖಲೆಯ ಪ್ರಯೋಜನ ಇರುವುದು ಅನಂತರದ ಹೊಣೆಗಾರಿಕೆಯಲ್ಲಿ. ಯಾವ ಹಡಗು ಯಾವ ಕ್ಷಣದಲ್ಲಿ ಎಲ್ಲಿತ್ತು ಎಂಬುದಕ್ಕೆ ಯಂತ್ರವೇ ಬರೆದಿಟ್ಟ ಲೆಕ್ಕವಿದ್ದರೆ, ಅದನ್ನು ಹೇಳಿಕೆಗಳಿಂದ ಮರೆಮಾಚುವುದು ಕಷ್ಟ.

ಈ ದೃಷ್ಟಿಯಿಂದ ನಮ್ಮ ದೇಶದ ನದಿಗಳತ್ತ ತಿರುಗಿ ನೋಡಿದರೆ ಮಾಡಬೇಕಾದ ಕೆಲಸ ಬಹಳವಿದೆ ಎನಿಸುತ್ತದೆ. 2023ರ ಜನವರಿ 13ರಂದು ವಾರಾಣಸಿಯಲ್ಲಿ ಎಂ.ವಿ. ಗಂಗಾ ವಿಲಾಸ್ ನೌಕೆಯ ಯಾನಕ್ಕೆ ಪ್ರಧಾನಿ ನರೇಂದ್ರ ಮೋದಿ ಚಾಲನೆ ನೀಡಿದರು. ಬಾಂಗ್ಲಾದೇಶದ ಮೂಲಕ ಅಸ್ಸಾಮಿನ ದಿಬ್ರೂಗಢದವರೆಗೆ 51 ದಿನಗಳ, ಸುಮಾರು 3,200 ಕಿಲೋಮೀಟರುಗಳ ಯಾನವೆಂದು ಅದನ್ನು ಪ್ರಕಟಿಸಲಾಗಿತ್ತು. 62 ಮೀಟರ್ ಉದ್ದದ, 36 ಪ್ರವಾಸಿಗರ ಈ ನೌಕೆ ಹೊರಟು ಮೂರು ದಿನವಾಗುವಷ್ಟರಲ್ಲಿ, ಬಿಹಾರದ ಛಪ್ರಾ ಬಳಿ ನೀರು ಸಾಲದೆ ಸಿಕ್ಕಿಕೊಂಡಿದೆ ಎಂಬ ವರದಿಗಳು ಬಂದವು. ಒಳನಾಡು ಜಲಮಾರ್ಗ ಪ್ರಾಧಿಕಾರ ಅದನ್ನು ಅಲ್ಲಗಳೆದು, ನೌಕೆ ವೇಳಾಪಟ್ಟಿಯಂತೆ ಪಟ್ನಾ ತಲುಪಿದೆ ಎಂದಿತು. ದೊಡ್ಡ ನೌಕೆ ದಡಕ್ಕೆ ಬರಲಾರದ ಕಾರಣ ನಡುನೀರಿನಲ್ಲಿ ಲಂಗರು ಹಾಕಿ, ಪ್ರವಾಸಿಗರನ್ನು ಸಣ್ಣ ದೋಣಿಗಳಲ್ಲಿ ಚಿರಾಂದ್‌ನ ಪುರಾತತ್ವ ನೆಲೆಗೆ ಕರೆದೊಯ್ಯಲಾಯಿತೆಂಬ ವಿವರಣೆ ಬಂತು. ಫೆಬ್ರುವರಿ 28ರಂದು ನೌಕೆ ದಿಬ್ರೂಗಢವನ್ನು ತಲುಪಿತು.

ಇಲ್ಲಿ ಯಾರು ಸರಿ ಎಂಬ ತೀರ್ಪು ನನ್ನ ಉದ್ದೇಶವಲ್ಲ. ನಾನು ಓದಿದ ವರದಿಗಳಲ್ಲಿ ಇದ್ದುದು ಒಂದು ಹೇಳಿಕೆ, ಅದಕ್ಕೊಂದು ಪ್ರತಿಹೇಳಿಕೆ. ಅದರ ಮೇಲೆ ಪಕ್ಷ ಪಕ್ಷಗಳ ನಡುವೆ ಮಾತಿನ ಸಮರ. ಪ್ರಾಧಿಕಾರದ್ದೇ ಆದ ನಕ್ಷೆಯೊಂದರಲ್ಲಿ ನೌಕೆಯ ನೆಲೆ ಗಂಟೆ ಗಂಟೆಗೂ ಎಲ್ಲರಿಗೂ ಕಾಣುವಂತಿದ್ದರೆ, ಅದು ಎಷ್ಟು ಹೊತ್ತು ಎಲ್ಲಿ ನಿಂತಿತು, ಎಷ್ಟು ಹೊತ್ತಿಗೆ ಹೊರಟಿತು ಎಂಬುದು ಹತ್ತು ನಿಮಿಷದ ಪರಿಶೀಲನೆಗೆ ಸಿಗುತ್ತಿತ್ತು. ಪ್ರಾಧಿಕಾರದ ಮಾತು ನಿಜವಾಗಿದ್ದರೆ ಅದಕ್ಕಿಂತ ಒಳ್ಳೆಯ ಸಮರ್ಥನೆ ಬೇರೆ ಯಾವುದಿತ್ತು? ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದವನಾಗಿ ಹೇಳುವುದಾದರೆ, ಮಾಹಿತಿಯನ್ನು ತಾನಾಗಿ ಮುಂದಿಟ್ಟ ಇಲಾಖೆಯು ಸ್ಪಷ್ಟೀಕರಣ ಕೊಡುವ ಪ್ರಸಂಗ ಅಪರೂಪ.

ಇದಕ್ಕೆ ಬೇಕಾದ ಅಡಿಪಾಯ ನಮ್ಮಲ್ಲಿ ಇಲ್ಲವೆಂದಲ್ಲ. 2016ರ ಕಾಯ್ದೆಯ ಮೂಲಕ ದೇಶದಲ್ಲಿ ರಾಷ್ಟ್ರೀಯ ಜಲಮಾರ್ಗಗಳ ಸಂಖ್ಯೆ 111ಕ್ಕೇರಿತು. ನಮ್ಮ ಕಾಳಿ, ಶರಾವತಿ, ನೇತ್ರಾವತಿಗಳೂ ಅದರಲ್ಲಿವೆ. ಅದೇ ವರ್ಷದ ಜನವರಿಯಲ್ಲಿ ಗಂಗೆಯ ಹಲ್ದಿಯಾ–ಫರಕ್ಕಾ ಭಾಗದಲ್ಲಿ, ಯುರೋಪಿನ ಮಾದರಿಯ ನದಿ ಮಾಹಿತಿ ಸೇವೆಯ ಮೊದಲ ಹಂತ ಉದ್ಘಾಟನೆಯಾಯಿತು. ಜಲಮಾರ್ಗಗಳಲ್ಲಿ ಎಲ್ಲಿ ಎಷ್ಟು ಆಳವಿದೆ ಎಂಬುದನ್ನು ಪ್ರಕಟಿಸುವ ಲಾಡಿಸ್ ಎಂಬ ಜಾಲತಾಣವನ್ನು 2018ರಲ್ಲಿ ಆರಂಭಿಸಲಾಯಿತು. 1917ರ ಹಳೆಯ ಕಾನೂನಿನ ಸ್ಥಾನಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯು ನೌಕೆಗಳ ನೋಂದಣಿ ಮತ್ತು ಸಿಬ್ಬಂದಿಯ ವಿವರಗಳಿಗೆ ಕೇಂದ್ರೀಯ ದತ್ತಾಂಶ ಭಂಡಾರವನ್ನು ವಿಧಿಸಿದೆ. ಕರಾವಳಿಯುದ್ದಕ್ಕೂ 74 ದೀಪಸ್ತಂಭಗಳಲ್ಲಿ ಎಐಎಸ್ ಸ್ವೀಕರಿಸುವ ಉಪಕರಣಗಳ ಜಾಲವೊಂದನ್ನು ಸರ್ಕಾರ ನಿರ್ಮಿಸಿದೆ. ಸ್ಯಾಮ್ಯುಯೆಲ್ಸನ್ ಇದ್ದಿದ್ದರೆ ಈ ಜೋಡಣೆಯನ್ನು ಕಂಡು ಸಂತೋಷಪಡುತ್ತಿದ್ದರು. ಸಾಧನಗಳಿವೆ. ಅವು ಆಡಳಿತಗಾರನ ಮೇಜಿನ ಮೇಲೆ ನಿಲ್ಲದೆ ಪ್ರಯಾಣಿಕನ ಕಣ್ಣಿಗೆ ಬೀಳುವಂತಾಗಬೇಕು.

ಇದು ಐಷಾರಾಮಿ ನೌಕೆಗಳಿಗೆ ಸೀಮಿತವಾದ ಮಾತಲ್ಲ. 2019ರ ಸೆಪ್ಟೆಂಬರ್ 15ರಂದು ಆಂಧ್ರದ ಪಾಪಿಕೊಂಡಲು ನೋಡಲು ಹೊರಟಿದ್ದ ರಾಯಲ್ ವಶಿಷ್ಠ ಎಂಬ ಪ್ರವಾಸಿ ದೋಣಿ, ತುಂಬಿ ಹರಿಯುತ್ತಿದ್ದ ಗೋದಾವರಿಯಲ್ಲಿ ಕಚ್ಚುಲೂರಿನ ಬಳಿ ಮುಳುಗಿತು. ಎಪ್ಪತ್ತಕ್ಕೂ ಹೆಚ್ಚು ಜನರಿದ್ದ ಆ ದೋಣಿಯನ್ನು ಮೇಲೆತ್ತಲು ಐದು ವಾರಗಳು ಬೇಕಾದವು. ಪ್ರವಾಹದ ದಿನ ಆ ದೋಣಿ ಹೊರಟಿದೆ ಎಂಬುದನ್ನು ನಕ್ಷೆಯಲ್ಲಿ ನೋಡುವ ಕಣ್ಣುಗಳು ನೂರಾರಿದ್ದಿದ್ದರೆ ಯಾರಾದರೊಬ್ಬರು ಪ್ರಶ್ನಿಸಬಹುದಿತ್ತು. ಅಪಘಾತವಾದ ಮೇಲೆ ಪರವಾನಗಿ ತಪಾಸಣೆ ನಡೆಸುವುದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ. ನಮ್ಮ ರಾಜ್ಯದಲ್ಲೇ, ಶರಾವತಿ ಹಿನ್ನೀರಿಗೆ ಕಟ್ಟಿದ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಗುವವರೆಗೆ, ದ್ವೀಪದಂತಿದ್ದ ಹಳ್ಳಿಗಳಿಗೆ ಲಾಂಚೇ ಆಧಾರವಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚಿನಲ್ಲಿ ವಾಹನ ಸಾಗಿಸುವುದು ನಿಲ್ಲುತ್ತಿತ್ತು. ದೂರದಿಂದ ಬಂದ ಯಾತ್ರಿಕರಲ್ಲಿ ಅನೇಕರಿಗೆ ಅದು ದಡ ತಲುಪಿದ ಮೇಲೆಯೇ ತಿಳಿಯುತ್ತಿತ್ತು. ಕೌಬ್‌ನ ಮಾಪಕಕ್ಕೂ ಲಿಂಗನಮಕ್ಕಿಯ ನೀರಿನ ಮಟ್ಟಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ಹಾಗಾದರೆ ಏನು ಮಾಡಬೇಕು? ಹಣ ಪಡೆದು ಪ್ರಯಾಣಿಕರನ್ನು ಒಯ್ಯುವ ಎಲ್ಲ ಯಾಂತ್ರಿಕ ನೌಕೆಗಳಿಗೆ, ಅವುಗಳ ಗಾತ್ರಕ್ಕೆ ಹೊಂದುವ ನೆಲೆಸೂಚಕ ಉಪಕರಣವನ್ನು ಪರವಾನಗಿಯ ಷರತ್ತಾಗಿ ವಿಧಿಸಬೇಕು. ದೊಡ್ಡ ನೌಕೆಗೆ ಪೂರ್ಣ ಎಐಎಸ್ ಇರಲಿ, ಸಣ್ಣ ದೋಣಿಗೆ ಸರಳವಾದ ಜಿಪಿಎಸ್ ಸಾಧನ ಸಾಕು. ಆ ನೆಲೆಯನ್ನು ಜಲಮಾರ್ಗ ಪ್ರಾಧಿಕಾರ ಅಥವಾ ರಾಜ್ಯದ ಸಂಬಂಧಿತ ಇಲಾಖೆ ತನ್ನದೇ ನಕ್ಷೆಯಲ್ಲಿ, ನೀರಿನ ಮಟ್ಟದೊಂದಿಗೆ, ಕನ್ನಡ ಸೇರಿದಂತೆ ಆಯಾ ಭಾಷೆಗಳಲ್ಲಿ ಪ್ರಕಟಿಸಬೇಕು. ಹಿಂದಿನ ಯಾನಗಳ ದಾಖಲೆಯನ್ನು ಕನಿಷ್ಠ ಕೆಲವು ವರ್ಷ ಕಾಪಾಡಿ ಉಚಿತವಾಗಿ ತೆರೆದಿಡಬೇಕು. ಇದಕ್ಕೆ ಹೊಸ ಕಾನೂನಿನ ಅಗತ್ಯವೂ ಹೆಚ್ಚಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು, ಯಾರೂ ಕೇಳುವ ಮೊದಲೇ ಮಾಹಿತಿಯನ್ನು ತಾನಾಗಿ ಪ್ರಕಟಿಸಬೇಕೆಂದು ಸಾರ್ವಜನಿಕ ಪ್ರಾಧಿಕಾರಗಳಿಗೆ ವಿಧಿಸುತ್ತದೆ. ಅದರ ಆಶಯವನ್ನು ನೀರಿನ ಮೇಲಕ್ಕೂ ವಿಸ್ತರಿಸಿದರೆ ಸಾಕು.

ಭದ್ರತೆಯ ಪ್ರಶ್ನೆಯನ್ನು ಎತ್ತುವವರು ಇರುತ್ತಾರೆ. 2008ರ ನವೆಂಬರಿನಲ್ಲಿ ಮುಂಬಯಿಗೆ ಕಡಲ ಮಾರ್ಗದಿಂದ ಬಂದ ಆಘಾತವನ್ನು ಕಂಡ ದೇಶದಲ್ಲಿ ಈ ಪ್ರಶ್ನೆ ಸಹಜ. ನೌಕಾಪಡೆ, ಪೊಲೀಸ್ ಮತ್ತು ಗಡಿ ಕಾವಲಿನ ದೋಣಿಗಳು ಈ ನಕ್ಷೆಯಲ್ಲಿ ಇರಬೇಕಾಗಿಲ್ಲ. ಸೂಕ್ಷ್ಮ ಪ್ರದೇಶಗಳಲ್ಲಿ ಪ್ರವಾಸಿ ನೌಕೆಯ ನೆಲೆಯನ್ನೂ ಹದಿನೈದು ನಿಮಿಷ ತಡವಾಗಿ ತೋರಿಸಬಹುದು. ಆದರೆ ವೇಳಾಪಟ್ಟಿಯನ್ನು ಪತ್ರಿಕೆಗಳಲ್ಲಿ ಪ್ರಕಟಿಸಿದ ನೌಕೆಯ ನೆಲೆಯನ್ನು ಭದ್ರತೆಯ ಹೆಸರಿನಲ್ಲಿ ಮುಚ್ಚಿಡುವುದು, ತೆರೆದ ಬಾಗಿಲಿಗೆ ಬೀಗ ಹಾಕಿದಂತೆ. ವೆಚ್ಚದ ಆಕ್ಷೇಪಕ್ಕೂ ಹೆಚ್ಚಿನ ಬಲವಿಲ್ಲ. ರೈಲು ಎಲ್ಲಿದೆ ಎಂಬುದನ್ನು ರೈಲ್ವೆ ಇಲಾಖೆ ದೇಶದ ಮೂಲೆಮೂಲೆಯ ಪ್ರಯಾಣಿಕನಿಗೂ ಉಚಿತವಾಗಿ ತಿಳಿಸುತ್ತಿದೆ. ಅದರಿಂದ ಇಲಾಖೆ ಬಡವಾಗಲಿಲ್ಲ. ತಡವಾದ ರೈಲಿನ ಬಗ್ಗೆ ಸುಳ್ಳು ಹೇಳುವ ಅಗತ್ಯವೂ ಅದಕ್ಕೆ ಇಲ್ಲವಾಯಿತು.

ನಕ್ಷೆಯ ಮೇಲಿನ ಚುಕ್ಕಿ ನದಿಯನ್ನು ಆಳ ಮಾಡುವುದಿಲ್ಲ, ನಾವಿಕನಿಗೆ ವಿವೇಕವನ್ನೂ ಕೊಡುವುದಿಲ್ಲ. ಅದು ಮಾಡುವುದು ಒಂದೇ ಕೆಲಸ: ನೌಕೆ ಎಲ್ಲಿದೆ ಎಂಬ ಪ್ರಶ್ನೆಗೆ ನೌಕೆಯ ಮಾಲೀಕನೂ, ಅದರಲ್ಲಿ ಪ್ರಯಾಣಿಸುವವನೂ, ದಡದಲ್ಲಿ ಕಾಯುವವನೂ ಒಂದೇ ಉತ್ತರವನ್ನು ಕಾಣುವಂತೆ ಮಾಡುತ್ತದೆ. ನದಿ ಸಾರ್ವಜನಿಕರದು, ಅದರ ಮೇಲೆ ಟಿಕೆಟ್ ಮಾರುವ ಅನುಮತಿಯನ್ನು ಸಾರ್ವಜನಿಕರ ಪರವಾಗಿ ಸರ್ಕಾರ ಕೊಡುತ್ತದೆ. ಆ ಅನುಮತಿಯ ಬೆಲೆಯಾಗಿ ಒಂದು ಚುಕ್ಕಿಯನ್ನು ಕೇಳುವುದು ಹೆಚ್ಚಾಗಲಾರದು. ಗಂಗೆಯಲ್ಲಿ ಮುಂದಿನ ವಿಹಾರನೌಕೆಗೆ ಹಸಿರು ನಿಶಾನೆ ತೋರಿಸುವ ಮೊದಲು ಆ ಚುಕ್ಕಿಯನ್ನು ಎಲ್ಲರಿಗೂ ಕಾಣುವಂತೆ ಹೊತ್ತಿಸಲಿ.